ಟೋಕನ್ ಕೇಳಿಕೊಂಡು ಬರುತ್ತಿದ್ದ ಫೋನುಗಳು

ಚಿಂತಾಮಣಿಯ ಒಂದು ಖಾಸಗಿ ನರ್ಸಿಂಗ್ ಹೋಮಿನಲ್ಲಿ ನಾನು ಹದಿನಾಲ್ಕು ವರ್ಷ ಟೋಕನ್ ಕೊಡುವ ಕೆಲಸ ಮಾಡಿದೆ. ಹೆಸರು ಬರೆದುಕೊಳ್ಳುವುದು, ಸರದಿ ಬಂದಾಗ ಕೂಗುವುದು, ಡಾಕ್ಟರು ತಡವಾದರೆ ಜನರನ್ನು ಸಮಾಧಾನ ಮಾಡುವುದು. ಹಳ್ಳಿಗಳಿಂದ ಬರುವವರು ಮೊದಲೇ ವಿಚಾರಿಸಲಿ ಅಂತ ನನ್ನ ಸ್ವಂತ ಮೊಬೈಲ್ ನಂಬರನ್ನೇ ಕೊಟ್ಟಿದ್ದೆ. ಹೋದ ವರ್ಷ ಅಲ್ಲಿ ಟೋಕನ್ ಮೆಷಿನ್ ತಂದಿಟ್ಟರು. ಅದನ್ನು ಒತ್ತುವುದು ಹೇಗೆಂದು ಜನರಿಗೆ ಹೇಳಿಕೊಡಲು ನನ್ನನ್ನೇ ಹದಿನೈದು ದಿನ ಪಕ್ಕದಲ್ಲಿ ನಿಲ್ಲಿಸಿದರು. ಆಮೇಲೆ ಮ್ಯಾನೇಜರು ಒಳಗೆ ಕರೆದು, "ನಾಳೆಯಿಂದ ಬರೋದು ಬೇಡಮ್ಮ, ಬೇಜಾರು ಮಾಡ್ಕೋಬೇಡಿ" ಅಂದರು. "ಆಯ್ತು ಸಾರ್" ಅಂದು, ಡ್ರಾಯರಿನಲ್ಲಿದ್ದ ಬಾಚಣಿಗೆ, ಟಿಫನ್ ಡಬ್ಬಿ ತೆಗೆದುಕೊಂಡು ಮನೆಗೆ ಬಂದೆ.

ಮನೆಯಲ್ಲಿ ಇದ್ದವರು ನನ್ನ ಗಂಡ ಮತ್ತು ಅತ್ತೆ. ಗಂಡ ಸರ್ಕಾರಿ ಶಾಲೆಯಲ್ಲಿ ಗುಮಾಸ್ತರು. "ಹೋಗ್ಲಿ ಬಿಡು, ಸ್ವಲ್ಪ ದಿನ ರೆಸ್ಟ್ ತಗೋ" ಅಂದರು. ರೆಸ್ಟ್ ತೆಗೆದುಕೊಳ್ಳುವುದು ನನಗೆ ಬರಲಿಲ್ಲ. ಬೆಳಿಗ್ಗೆ ಎಂಟಕ್ಕೆಲ್ಲ ಸೀರೆಗೆ ಪಿನ್ ಹಾಕಿಕೊಂಡು ಕೂತಿರುತ್ತಿದ್ದೆ. ತಟ್ಟೆಯ ಅನ್ನವನ್ನು ಅರ್ಧಕ್ಕೇ ಬಿಟ್ಟು ಏಳುತ್ತಿದ್ದೆ. ಅಂಗಡಿಗೆ ಹೋದರೆ ಯಾರಾದರೂ "ಏನ್ ಮೇಡಂ, ಡ್ಯೂಟಿ ಇಲ್ವಾ?" ಅಂದುಬಿಟ್ಟರೆ ಎಂದು ಬೀದಿಗೆ ಇಳಿಯುವುದನ್ನೇ ಬಿಟ್ಟೆ.

ಎಲ್ಲಕ್ಕಿಂತ ಹೆಚ್ಚು ಹೆದರುತ್ತಿದ್ದದ್ದು ಫೋನಿಗೆ. ಕೆಲಸ ಹೋಗಿದ್ದು ಹಳ್ಳಿಯವರಿಗೆ ಹೇಗೆ ಗೊತ್ತಾಗಬೇಕು? ದಿನಕ್ಕೆ ಐದಾರು ಜನ ಫೋನ್ ಮಾಡಿ "ಅಮ್ಮಾ, ಡಾಕ್ಟ್ರು ಅವ್ರಾ?" ಅಂತ ಕೇಳುತ್ತಲೇ ಇದ್ದರು. ಕೆಲಸದಿಂದ ತೆಗೆದರು ಅನ್ನಲು ಬಾಯಿ ಬರುತ್ತಿರಲಿಲ್ಲ. "ರಜಾದಲ್ಲಿದೀನಿ" ಅನ್ನುತ್ತಿದ್ದೆ. ಕೆಲವು ಸಲ ಅಭ್ಯಾಸಬಲದಿಂದ ಉತ್ತರವನ್ನೂ ಕೊಟ್ಟುಬಿಡುತ್ತಿದ್ದೆ. ಅಂಬಾಜಿದುರ್ಗದ ಕಡೆಯ ಒಬ್ಬ ಮುದುಕರು ಮಂಡಿನೋವಿಗೆ ಮೂಳೆ ಡಾಕ್ಟರನ್ನು ಕೇಳಿದಾಗ ಹಾಗೇ ಆಯಿತು. "ಮಂಗಳವಾರ ಹನ್ನೊಂದಕ್ಕೆ ಬರ್ತಾರೆ, ಬನ್ನಿ ತಾತ" ಅಂದೆ.

ಮಂಗಳವಾರ ಮಧ್ಯಾಹ್ನ ಅವರ ಫೋನು. "ಎಲ್ಲಿದೀಯಮ್ಮ? ಡಾಕ್ಟ್ರು ಈಗ ಶುಕ್ರವಾರ ಬರೋದಂತೆ. ಬಸ್ಸಲ್ಲಿ ನಿಂತ್ಕೊಂಡು ಬಂದಿದೀನಿ. ನೀನೇ ಹೇಳಿದ್ದಲ್ಲ?"

ಕಾಲ್ ಕಟ್ ಮಾಡಿದೆ. ಎದೆ ಹೊಡೆದುಕೊಳ್ಳಲು ಶುರುವಾಯಿತು. ಕೈಬೆರಳು ಜುಮ್ಮೆಂದವು, ಉಸಿರು ಒಳಗೆ ಹೋಗುತ್ತಲೇ ಇಲ್ಲ. ಅಡುಗೆಮನೆಯ ಗೋಡೆ ಹಿಡಿದುಕೊಂಡು ಕುಸಿದೆ. ಹಾರ್ಟ್ ಅಟ್ಯಾಕೇ ಇರಬೇಕು, ಇಲ್ಲೇ ಸಾಯುತ್ತೀನಿ ಅನ್ನಿಸಿತು. ಅತ್ತೆ ಓಡಿಬಂದು ಆಟೋ ಕರೆಸಿದರು. ಹತ್ತಿರದಲ್ಲಿದ್ದದ್ದು ನನ್ನ ಹಳೆಯ ನರ್ಸಿಂಗ್ ಹೋಮೇ. ಅಷ್ಟು ಸಂಕಟದಲ್ಲೂ "ಅಲ್ಲಿಗೆ ಮಾತ್ರ ಬೇಡ ಅತ್ತೆ" ಅಂದೆ. ಸರ್ಕಾರಿ ಆಸ್ಪತ್ರೆಗೆ ಹೋದೆವು.

ಇಸಿಜಿಯಲ್ಲಿ ಏನೂ ಇರಲಿಲ್ಲ. ಡಾಕ್ಟರು ನಿದ್ದೆ, ಊಟ, ಕೆಲಸ ಎಲ್ಲ ವಿಚಾರಿಸಿ, "ಹೃದಯ ಚೆನ್ನಾಗಿದೆ. ಇದು ಗಾಬರಿಯಿಂದ ಆಗಿದ್ದು. ಚಿಕ್ಕಬಳ್ಳಾಪುರದಲ್ಲಿ ಮನೋವೈದ್ಯರನ್ನ ನೋಡಿ" ಎಂದು ಚೀಟಿ ಬರೆದರು.

ಗಂಡ ಆ ಚೀಟಿಯನ್ನು ಎರಡು ಸಲ ಓದಿದರು. "ಅಲ್ಲಿ ಯಾರಾದ್ರೂ ಗುರುತಿನೋರು ನೋಡಿದ್ರೆ?"

ನಾನೂ ಅದನ್ನೇ ಯೋಚಿಸುತ್ತಿದ್ದೆ. ಅತ್ತೆ ಆಂಧ್ರದ ಗಡಿಯ ಕಡೆಯವರು. ಸಿಟ್ಟು ಬಂದರೆ ತೆಲುಗೇ ಬರುವುದು. "ಚೂಸ್ತೇ ಚೂಡನೀರಾ! ನೋಡಿದ್ರೆ ನೋಡ್ಲಿ. ನಾನು ಕರ್ಕೊಂಡು ಹೋಗ್ತೀನಿ" ಅಂದರು.

ಬಸ್ಸಿನಲ್ಲಿ ದಾರಿಯುದ್ದಕ್ಕೂ ಅವರ ಸೆರಗಿನ ತುದಿಯನ್ನು ಮುಷ್ಟಿಯಲ್ಲಿ ಹಿಡಿದುಕೊಂಡಿದ್ದೆ. ಆಸ್ಪತ್ರೆಯ ಬೆಂಚಿನಲ್ಲಿ ತಲೆ ತಗ್ಗಿಸಿ ಕೂತೆ. ಡಾಕ್ಟರು ನನಗಿಂತ ಚಿಕ್ಕ ವಯಸ್ಸಿನ ಹೆಣ್ಣುಮಗಳು. ನಾನು ಅತ್ತು ಮುಗಿಸುವವರೆಗೂ ಕಾದರು. ಕೆಲವು ತಿಂಗಳ ಮಟ್ಟಿಗೆ ಒಂದು ಮಾತ್ರೆ ಬರೆದರು, ದಿನಾ ಬಿಸಿಲೇರುವ ಮೊದಲು ಹೊರಗೆ ನಡೆಯಲು ಹೇಳಿದರು. ಆಮೇಲೆ, "ಫೋನ್ ಮಾಡೋರಿಗೆ ನಿಜ ಹೇಳೋಕೆ ಆಗುತ್ತಾ? ಎಲ್ಲರಿಗೂ ಬೇಡ, ಮೊದಲು ಒಬ್ಬರಿಗೆ" ಅಂದರು.

ಆ ಒಬ್ಬರು ಯಾರೆಂದು ನನಗೆ ಗೊತ್ತಿತ್ತು. ಆದರೂ ಒಂಬತ್ತು ದಿನ ಬೇಕಾಯಿತು. ನಂಬರ್ ಒತ್ತುವುದು, ರಿಂಗ್ ಆಗುವ ಮೊದಲೇ ನಿಲ್ಲಿಸುವುದು. ಕೊನೆಗೆ ಅತ್ತೆಯನ್ನು ಎದುರಿಗೆ ಕೂರಿಸಿಕೊಂಡು ಮಾಡಿದೆ.

"ತಾತ, ನನ್ನ ಕೆಲಸ ಹೋಗಿ ಎರಡು ತಿಂಗಳಾಯ್ತು. ನಿಮಗೆ ಹೇಳೋಕೆ ನಾಚಿಕೆ ಆಯ್ತು. ತಪ್ಪಾಯ್ತು."

"ಅವತ್ತೇ ಹೇಳಬಾರದಾಗಿತ್ತೇನಮ್ಮ? ನಿನ್ನ ಬೈಕೊಂಡು ಬಂದೆ ನಾನು." ಆಮೇಲೆ, "ಊಟ ಗೀಟ ಮಾಡ್ತಿದೀಯಾ?" ಅಂದರು. ಫೋನನ್ನು ಅತ್ತೆಯ ಕೈಗೆ ಕೊಟ್ಟೆ. ಅವರಿಬ್ಬರೂ ಮಂಡಿನೋವಿನ ಬಗ್ಗೆ ಬಹಳ ಹೊತ್ತು ಮಾತಾಡಿದರು.

ಹೆದರಿಕೆ ಪೂರ್ತಿ ಹೋಗಿಲ್ಲ. ಈಗ ಶಿಡ್ಲಘಟ್ಟದ ಒಂದು ಕಣ್ಣಿನ ಕ್ಲಿನಿಕ್ಕಿನಲ್ಲಿ ಅರ್ಧ ದಿನದ ಕೆಲಸ ಸಿಕ್ಕಿದೆ. ಮೇಲಿನವರು "ಸ್ವಲ್ಪ ಬನ್ನಿ" ಅಂದರೆ ಸಾಕು, ಅಂಗೈ ಒದ್ದೆಯಾಗುತ್ತದೆ. ಆಗ ಬಾಗಿಲಲ್ಲೇ ನಿಂತು ಉಸಿರು ನಿಧಾನವಾಗಿ ಬಿಟ್ಟು, ಆಮೇಲೆ ಒಳಗೆ ಹೋಗುತ್ತೇನೆ. ತಿಂಗಳಿಗೊಮ್ಮೆ ಚಿಕ್ಕಬಳ್ಳಾಪುರಕ್ಕೆ ಹೋಗುವುದನ್ನು ತಪ್ಪಿಸಿಲ್ಲ. ಹೋದ ಸಲ ಡಾಕ್ಟರು ಮಾತ್ರೆ ಅರ್ಧಕ್ಕೆ ಇಳಿಸೋಣ ಅಂದಾಗ, ಅದಕ್ಕೂ ಗಾಬರಿಯಾಯಿತು.

ಅವತ್ತು ಬೆಳಿಗ್ಗೆ ಮನೆಯಿಂದ ಹೊರಡುವಾಗ ಅತ್ತೆ ಹೊಸ ಸೀರೆ ಉಟ್ಟು ಬಾಗಿಲಲ್ಲಿ ನಿಂತಿದ್ದರು. "ನನ್ನ ಹೆಸರೂ ಬರೆಸಮ್ಮಾ" ಅಂದರು. "ನಿಮ್ಮ ಮಾವ ಹೋದಾಗಿಂದ ನಂಗೂ ಎದೆ ಹಂಗೇ ಹೊಡ್ಕೊಳ್ತದೆ. ಯಾರಿಗೂ ಹೇಳಿರಲಿಲ್ಲ."