ಭಾವನವರ ಏಡಿ ಸಂಸಾರ

ನಮ್ಮ ಭಾವ ವಿರೂಪಾಕ್ಷಪ್ಪನವರ ಬಲಗೈಯ ಒಂದು ಬೆರಳಿಗಾದರೂ ಯಾವಾಗಲೂ ಬಟ್ಟೆ ಸುತ್ತಿರುತ್ತಿತ್ತು. ಆದವಾನಿಯ ಹತ್ತಿ ಪೇಟೆಯಲ್ಲಿ ಆಗ ಟವಲಿನ ಮರೆಯಲ್ಲಿ ಬೆರಳು ಹಿಡಿದು ಬೆಲೆ ಕಟ್ಟುತ್ತಿದ್ದರು. ಕೊಳ್ಳುವವರು ಬೆರಳು ಹಿಡಿದ ಕೂಡಲೇ ಭಾವ "ಅಯ್ಯಯ್ಯೋ!" ಎಂದು ಕೈ ಕಿತ್ತುಕೊಳ್ಳುತ್ತಿದ್ದರು. ಬೆಲೆ ಹಿಡಿಸಲಿಲ್ಲವೆಂದುಕೊಂಡು ಅವರು ಇನ್ನಷ್ಟು ಏರಿಸುತ್ತಿದ್ದರು. "ಕೈಗೇನಾತ್ರಿ ಸಾವ್ಕಾರ್ರ?" ಎಂದು ಯಾರಾದರೂ ಕೇಳಿದರೆ, "ಮನ್ಯಾಗ ಹುಡುಗ್ರು ಕಚ್ಯಾವ" ಎಂಬುದೇ ಉತ್ತರ.

ಆ ಹುಡುಗರು ಏಡಿಗಳು.

ನಾನು ಆ ಮನೆಗೆ ಸೊಸೆಯಾಗಿ ಬಂದ ವರ್ಷ ಭಾವ ಹತ್ತಿಯ ಕೆಲಸದ ಮೇಲೆ ಮದರಾಸಿಗೆ ಹೋಗಿದ್ದರು. ಅಲ್ಲಿ ಕಡಲ ದಂಡೆಯ ಮೀನಿನ ಮನೆಯಲ್ಲಿ, ಗಾಜಿನ ಪೆಟ್ಟಿಗೆಯೊಳಗೆ, ಮೊಳದುದ್ದದ ಕಡಲ ಸೀಗಡಿಯೊಂದು ಮೀಸೆ ಅಲ್ಲಾಡಿಸುತ್ತ ಇವರನ್ನೇ ನೋಡಿತಂತೆ. ಬಿಳೀ ದೊರೆಗಳು ಅದಕ್ಕೆ ಜೀವ ಬಿಡುತ್ತಾರೆ ಎಂದು ಪಕ್ಕದವರು ಯಾರೋ ಹೇಳಿದರು. ಆದವಾನಿಗೆ ಕಡಲಿಲ್ಲ. ಆದರೆ ತುಂಗಭದ್ರೆ ಇದೆ, ಅದರಲ್ಲಿ ಏಡಿ ಇವೆ. ಊರಿಗೆ ಬಂದವರೇ ಹತ್ತಿ ಬಿಡಿಸುವ ತಮ್ಮ ಜಿನ್ನಿನ ಹಿಂದೆ ಹಾಳುಬಿದ್ದಿದ್ದ ಕಲ್ಲಿನ ತೊಟ್ಟಿಗೆ ನೀರು ತುಂಬಿಸಿ, ಹೊಳೆದಂಡೆಯ ಮಾಧವರಂ ಬೆಸ್ತರಿಂದ ಬುಟ್ಟಿ ತುಂಬ ಏಡಿ ತರಿಸಿದರು.

ಅವರ ಹೆಂಡತಿ ಗೌರಕ್ಕ ಹಣೆ ಹಣೆ ಬಡಿದುಕೊಂಡಳು. "ಕೊಳ್ಳಾಗ ಲಿಂಗ ಕಟ್ಟಿಕೊಂಡು ಏಡಿ ಸಾಕತೀರೇನ್ರಿ?"

"ಸಾಕಾದು ಬ್ಯಾರೆ, ತಿನ್ನಾದು ಬ್ಯಾರೆ. ನಿಮ್ಮಪ್ಪ ಸೀರಿ ಮಾರ್ತಾನ. ಉಡ್ತಾನೇನು?"

ತೊಟ್ಟಿ ಮುಟ್ಟಿದವರು ಸ್ನಾನ ಮಾಡದೆ ಹೊಸ್ತಿಲು ದಾಟಕೂಡದು ಎಂದು ಅಕ್ಕ ಕಟ್ಟಪ್ಪಣೆ ಮಾಡಿದಳು. ಭಾವ ಗಳಿಗೆಗೊಮ್ಮೆ ತೊಟ್ಟಿಗೆ ಹೋಗುವವರು. ಹೀಗಾಗಿ ಆ ವರ್ಷ ಅವರಷ್ಟು ಶುಚಿಯಾದ ಮನುಷ್ಯ ಊರಿನಲ್ಲಿ ಇನ್ನೊಬ್ಬರಿರಲಿಲ್ಲ.

ಹತ್ತಿಕಾಳಿನ ಹಿಂಡಿ, ಮಿಕ್ಕ ರೊಟ್ಟಿ, ಕೊಳೆತ ಸೊಪ್ಪು ಏಡಿಗಳ ಊಟ. ಒಂದನ್ನೊಂದು ಹರಿದು ತಿನ್ನದಿರಲೆಂದು ಒಡೆದ ಮಡಕೆಗಳನ್ನು ಬೋರಲು ಹಾಕಿ ಬೇರೆ ಬೇರೆ ಮನೆ ಮಾಡಿಕೊಟ್ಟಿದ್ದರು. ಒಂದು ಬೆಳಿಗ್ಗೆ ದೊಡ್ಡ ಏಡಿಯೊಂದು ಕಾಲು ಕೊಂಬುಗಳ ಸಮೇತ ಟೊಳ್ಳಾಗಿ ಬಿದ್ದಿತ್ತು. ಸತ್ತಿತೆಂದು ಭಾವ ಊಟ ಬಿಟ್ಟು ಕುಳಿತರು. ಸಾಯಂಕಾಲ ಮಡಕೆ ಎತ್ತಿ ನೋಡಿದರೆ, ಪೊರೆ ಕಳಚಿದ ಅದೇ ಏಡಿ ಹಸಿ ಹಿಟ್ಟಿನಂತೆ ಮೆತ್ತಗಾಗಿ ಒಳಗೆ ಕೂತಿದೆ! "ಲೇ, ಅಂಗಿ ಬಿಚ್ಚ್ಯಾನಲೇ, ಸತ್ತಿಲ್ಲ!" ಎಂದು ಜಿನ್ನಿನ ಆಳುಗಳಿಗೆಲ್ಲ ಬೆಲ್ಲ ಹಂಚಿದರು.

ಗುಂತಕಲ್ಲಿನ ರೈಲು ದೊರೆಗಳ ಬಂಗಲೆಯಲ್ಲಿ ಅಡಿಗೆ ಮಾಡುವ ಮಸ್ತಾನ್ ಸಾಬನಿಗೆ ಮಾಲು ಕೊಡುತ್ತೇನೆಂದು ಭಾವ ಮಾತು ಕೊಟ್ಟಿದ್ದರು. ಪೇಟೆಯಲ್ಲಿ ಅವರ ಮಾತೆಂದರೆ ಮಾತು. ಸಾಬ ಬುಟ್ಟಿ ಹಿಡಿದು ಬಂದಾಗಲೆಲ್ಲ ಮಾತ್ರ "ಇನ್ನಾ ಎಳೇವು", "ಇವತ್ತು ಸೋಮವಾರ", "ಶ್ರಾವಣ ಮುಗೀಲಿ" ಎಂದು ಸಾಗಹಾಕುತ್ತಿದ್ದರು. ಅಷ್ಟರಲ್ಲಿ ಒಂದು ಹೆಣ್ಣೇಡಿ ಮರಿ ಹಾಕಿತು. ಹೊಟ್ಟೆಯ ಮಡಿಕೆಯೊಳಗೆ ಸಾಸಿವೆ ಚೆಲ್ಲಿದ ಹಾಗೆ ಮರಿಗಳನ್ನು ಹೊತ್ತುಕೊಂಡೇ ಅದು ಓಡಾಡುತ್ತಿತ್ತು. ಭಾವ ಒತ್ತಾಯ ಮಾಡಿ ಅಕ್ಕನನ್ನು ಕರೆದೊಯ್ದು ತೋರಿಸಿದರು. ನಾಲ್ಕು ಹೆತ್ತವಳು, ಓಣಿಯ ಬಾಣಂತನಗಳನ್ನೆಲ್ಲ ಮುಂದೆ ನಿಂತು ಮಾಡಿದವಳು. ಬಹಳ ಹೊತ್ತು ಬಗ್ಗಿ ನೋಡಿದಳು. ಆಮೇಲೆ ಹೋಗಿ ಸ್ನಾನ ಮಾಡಿದಳು.

ಶ್ರಾವಣ ಮುಗಿದ ಮರುದಿನವೇ ಸಾಬ ಬಂದ. "ಸಾವ್ಕಾರ್ರಿ, ದೊರೆ ಮನ್ಯಾಗ ಇವತ್ತು ದಾವತ್ ಐತಿ. ಬರಿಗೈಲಿ ಹೋದ್ರ ನನ್ ನೌಕರಿ ಹೋಗ್ತತಿ."

ಹೊಸ ಸೊಸೆಯಾದ ನಾನು ಬಾಗಿಲ ಮರೆಯಲ್ಲಿ ನಿಂತು ಕೇಳುತ್ತಿದ್ದೆ. ನೋಡಿದರೆ ಭಾವನೂ ಬಂದು ನನ್ನ ಪಕ್ಕದಲ್ಲೇ ಮರೆಗೆ ನಿಂತಿದ್ದಾರೆ! "ಕೊಡ್ತೀನಿ ಅಂದೀನವ್ವಾ," ಎಂದರು ನನಗೆ, ಮೆಲ್ಲಗೆ. "ಹೆಂಗ ಕೊಡ್ಲಿ?" ಅವರ ಮುಖ ನೋಡಲಾಗಲಿಲ್ಲ.

ಅಕ್ಕ ನಮ್ಮಿಬ್ಬರನ್ನೂ ಸರಿಸಿ ಹೊರಗೆ ಹೋದಳು.

"ಬಾಣಂತಿ ಅದಾಳ. ಕೊಡಂಗಿಲ್ಲ."

ಸಾಬನಿಗೆ ಅರ್ಥವಾಗಲು ತುಸು ಹೊತ್ತು ಹಿಡಿಯಿತು. "ಆಕಿ ಗಂಡನ್ನಾದ್ರೂ ಕೊಡಮ್ಮಾ."

"ಅವನ್ನ ಕಳಿಸಿದ್ರ ಆಕಿ ನೀರು ನಿಡಿ ಯಾರು ನೋಡಾರು?"

ಸಾಬ ನಗು ತಡೆಯಲಾರದೆ ಜಗುಲಿಯ ಮೇಲೆ ಕೂತುಬಿಟ್ಟ. ಭಾವ ಹೊರಗೆ ಬಂದು, "ಮಸ್ತಾನಾ, ಮಾತು ತಪ್ಪಿದೆ. ದೊರೆ ಸಿಟ್ಟಾದ್ರ ನನ್ನ ಹೆಸರು ಹೇಳು" ಎಂದು ಕೈ ಮುಗಿದರು. ಅಕ್ಕ ಕೊಟ್ಟ ಬದನೆಕಾಯಿಯನ್ನು ಅವನು ಬುಟ್ಟಿ ತುಂಬ ಒಯ್ದ. ದಾವತ್ತಿನಲ್ಲಿ ಅವೇ ಎಣ್ಣೆಗಾಯಿಯಾಗಿ ದೊರೆಗಳು ಬೆರಳು ನೆಕ್ಕಿದರೆಂದು ಆಮೇಲೆ ಅವನೇ ಬಂದು ಹೇಳಿದ.

ಮರಿಗಳು ತಾಯಿಯನ್ನು ಬಿಟ್ಟಮೇಲೆ ಎಲ್ಲವನ್ನೂ ಗಾಡಿಯಲ್ಲಿ ಮಾಧವರಂಗೆ ಒಯ್ದು ಹೊಳೆಗೆ ಬಿಟ್ಟರು. ಅಕ್ಕ ಒಂದು ಹಿಡಿ ಅಕ್ಕಿ ನೀರಿಗೆ ಹಾಕಿದಳು. ಬಾಣಂತಿ ಏಡಿ ಭಾವನ ಹೆಬ್ಬೆರಳು ಹಿಡಿದು ಬಿಡಲೊಲ್ಲದು. "ನೋಡ್ರಿ, ಹೋಗಾಕ ಮನಸಿಲ್ಲ ಆಕಿಗೆ" ಎಂದು ಹಲ್ಲು ಕಚ್ಚಿಕೊಂಡು ನಿಂತಿದ್ದರು.

ಕೆಲವು ವರ್ಷಗಳ ನಂತರ ಭಾವನಿಗೆ ಕೆಮ್ಮು ಹತ್ತಿ ಎದೆಗೆ ಇಳಿಯಿತು. ನಾನು ತವರಿಗೆ ಹೊರಡುವ ಮುಂಚೆ ಅವರ ಕೋಣೆಗೆ ನೋಡಲು ಹೋದೆ. ಏಡಿಯ ಸಾರು ಕುಡಿದರೆ ಕಫ ಕಡಿಯುತ್ತದೆಂದು ಯಾರೋ ಹೇಳಿದ್ದರಂತೆ. ಜಿನ್ನಿನ ಗುಮಾಸ್ತ, ಪಾಪ, ಒಳ್ಳೆಯ ಮನಸ್ಸಿನಿಂದಲೇ, ಕಷಾಯವೆಂದು ಸುಳ್ಳು ಹೇಳಿ ಒಂದು ಲೋಟ ತಂದಿದ್ದ. ಅವರನ್ನು ನಾನು ಕಡೆಯದಾಗಿ ನೋಡಿದ್ದು ಅಂದೇ. ದಿಂಬಿಗೆ ಒರಗಿ ಕೂತು ಲೋಟವನ್ನು ಬಾಯಿಯವರೆಗೆ ಒಯ್ದರು, ಮೂಸಿದರು, ನಿಧಾನವಾಗಿ ಕೆಳಗಿಟ್ಟರು. ಇದು ಏನು ಎಂದು ಕೇಳಲಿಲ್ಲ.

"ಇದು ಯಾರು?" ಎಂದರು.