ಸರ್ವೇಯರಿಗೆ ರಂಗೋಲಿ

ಇವತ್ತು ಬೆಳಿಗ್ಗೆ ಎದುರುಮನೆಯವರ ಅಡುಗೆಮನೆಯ ಪರದೆಗೆ ಬೆಂಕಿ ಹತ್ತಿಕೊಂಡಿತು. ಎರಡು ಬಕೆಟ್ ನೀರು ಸುರಿದು ಆರಿಸಿದರು. ಯಾರಿಗೂ ಏನೂ ಆಗಲಿಲ್ಲ, ಆದರೆ ನೆಂದ ಮಸಿಯ ವಾಸನೆ ನಮ್ಮ ರಾಮಕೃಷ್ಣನಗರದ ಬೀದಿಯನ್ನೆಲ್ಲ ತುಂಬಿತು. ಅಕ್ಕಪಕ್ಕದವರು ನಮ್ಮ ಗೇಟಿನ ಬಳಿ ಸೇರಿದರು. ಜನ ಸೇರಿದರೆ ಸಾಕು, ನನಗೆ ಬಾಯಿ ತುರಿಸುತ್ತದೆ. "ನಮ್ಮಮ್ಮನ ಬೆಂಕಿ ಕಥೆ ಹೇಳಿದೀನಾ ನಿಮಗೆ?" ಎಂದು ಶುರುಮಾಡಿಯೇ ಬಿಟ್ಟೆ. ಜಗಲಿಯಲ್ಲಿ ಅವರೆಕಾಯಿ ಸುಲಿಯುತ್ತಿದ್ದ ಅಮ್ಮ ಮೊರ ಎತ್ತಿಕೊಂಡು ಒಳಗೆ ಹೋದಳು. ಅದನ್ನು ನೋಡಿಯೂ ನಾನು ನಿಲ್ಲಿಸಲಿಲ್ಲ.

ನೀವು ನಮ್ಮ ಕಡೆಯ ಯಾವುದಾದರೂ ಮದುವೆಮನೆಯಲ್ಲಿ ನನ್ನ ಪಕ್ಕದ ಎಲೆಗೆ ಕೂತಿದ್ದರೆ ಈ ಕಥೆಯನ್ನು ಕೇಳಿಯೇ ಇರುತ್ತೀರಿ. ಎಲ್ಲಿ ತಡೆದು ಹೇಳಬೇಕು, ಎಲ್ಲಿ ನಗು ಬರುತ್ತದೆ ಎಲ್ಲ ನನಗೆ ಬಾಯಿಪಾಠ. ಈಗ ಇನ್ನೊಮ್ಮೆ ಹೇಳುತ್ತೇನೆ, ಈ ಸಲ ನಗಿಸುವುದಕ್ಕಲ್ಲ.

ಆಗ ನಮ್ಮಮ್ಮ ಅಪ್ಪ ಕೃಷ್ಣಮೂರ್ತಿಪುರಂನಲ್ಲಿದ್ದರು. ಮನೆಯ ಹಿತ್ತಿಲಲ್ಲಿ ತಗಡಿನ ಶೆಡ್ಡು ಹಾಕಿಸಿ ಅಮ್ಮ ಕೋಡುಬಳೆ, ನಿಪ್ಪಟ್ಟು, ಚಕ್ಕುಲಿ ಮಾಡಿ ಅಂಗಡಿಗಳಿಗೂ ಮದುವೆಮನೆಗಳಿಗೂ ಕೊಡುತ್ತಿದ್ದಳು. ಅವಳ ಕೋಡುಬಳೆ ಬಾಯಲ್ಲಿ ಕುರುಂ ಎನ್ನುತ್ತಿತ್ತೇ ಹೊರತು ಹಲ್ಲಿನ ಜೊತೆ ಜಗಳವಾಡುತ್ತಿರಲಿಲ್ಲ. ಅಪ್ಪ ಪಾಠ ಹೇಳುವ ಕೆಲಸದಿಂದ ನಿವೃತ್ತರಾದವರು. ಮನೆಯ ಹೆಂಗಸು ತಿಂಡಿ ಮಾರುವುದನ್ನು ಅವರು ಒಪ್ಪಿದ್ದರು ಎನ್ನುವುದಕ್ಕಿಂತ ಕಂಡೂ ಕಾಣದಂತಿದ್ದರು ಎನ್ನಬಹುದು. ಹಿಟ್ಟು ಕಲಸುವ ಯಂತ್ರಕ್ಕೆ ಬ್ಯಾಂಕಿನವರು ಸಾಲ ಕೊಡುವಾಗ ಶೆಡ್ಡಿಗೆ ವಿಮೆ ಮಾಡಿಸಲೇಬೇಕೆಂದಿದ್ದರು. ಇಲ್ಲದಿದ್ದರೆ ನಮ್ಮ ಮನೆಯಲ್ಲಿ ಆ ಯೋಚನೆ ಯಾರಿಗೂ ಬರುತ್ತಿರಲಿಲ್ಲ.

ಒಂದು ಮಧ್ಯಾಹ್ನ ಒಲೆಯ ಮೇಲೆ ಎಣ್ಣೆಯ ಬಾಣಲೆ ಬಿಟ್ಟು ಅಮ್ಮ ಮನೆಯೊಳಕ್ಕೆ ಬಂದಿದ್ದಳು. ಎಣ್ಣೆ ಹೊತ್ತಿಕೊಂಡಿತು. ಯಂತ್ರ, ಹಿಟ್ಟಿನ ಡಬ್ಬಗಳು, ತಿಂಡಿ ಒಟ್ಟಿದ್ದ ಬೀರು ಎಲ್ಲ ಹೋಯಿತು. ಸುದ್ದಿ ಕೇಳಿ ಮಾರನೆಯ ದಿನ ನಾನೂ ಗಂಡನ ಮನೆಯಿಂದ ಬಂದೆ. ವಿಮೆ ಕಂಪನಿಗೆ ಅಪ್ಪ ಫೋನು ಮಾಡಿದರು. ನಷ್ಟ ಎಷ್ಟೆಂದು ಸರ್ವೇಯರ್ ಬಂದು ನೋಡುತ್ತಾರೆ, ಅಲ್ಲಿಯವರೆಗೆ ಒಂದು ಕಡ್ಡಿಯನ್ನೂ ಅಲುಗಿಸಬೇಡಿ ಎಂದು ಆ ಕಡೆಯವರು ಹೇಳಿದರಂತೆ. ಅಪ್ಪ ಅಮ್ಮನಿಗೆ ಮುಟ್ಟಿಸಿದ್ದು ಮೊದಲ ಅರ್ಧವನ್ನು ಮಾತ್ರ: "ನಾಳಿದ್ದು ಸರ್ವೇಯರ್ ಬರ್ತಾರಂತೆ."

ಯಾರೋ ದೊಡ್ಡ ಮನುಷ್ಯರು ಮನೆಗೆ ಬರುತ್ತಾರೆ ಎಂದರೆ ನಮ್ಮಮ್ಮ ಏನು ಮಾಡಿಯಾಳು? ಸುಟ್ಟ ಡಬ್ಬಗಳನ್ನೂ ಯಂತ್ರವನ್ನೂ ಗುಜರಿಯವನಿಗೆ ಹಾಕಿದಳು. ಗೋಡೆಗೆ ಸೋಪಿನ ನೀರು ಹಾಕಿ ಉಜ್ಜಿದಳು. ನೆಲ ತೊಳೆದಳು. ಸರ್ವೇಯರ್ ಶಿವನಂಜಪ್ಪನವರು ಕ್ಯಾಮೆರಾ ಹಿಡಿದು ಬಂದಾಗ ಶೆಡ್ಡು ಗೌರಿ ಹಬ್ಬದ ಮನೆಯ ಹಾಗಿತ್ತು, ಬಾಗಿಲಲ್ಲಿ ರಂಗೋಲಿ ಬೇರೆ. ಮದುವೆಮನೆಗಳಲ್ಲಿ ನಗು ಬರುವುದು ಇಲ್ಲಿಯೇ.

ಶಿವನಂಜಪ್ಪನವರು ಮಾತ್ರ ನಗಲಿಲ್ಲ. ಮೊದಲು ತಮ್ಮ ಲೈಸೆನ್ಸಿನ ಕಾರ್ಡು ತೋರಿಸಿದರು. ಅಮ್ಮ ತಂದಿಟ್ಟ ಕಾಫಿಯನ್ನು ಮುಟ್ಟಲಿಲ್ಲ. "ತಪ್ಪು ತಿಳ್ಕೋಬೇಡಿ ತಾಯಿ. ನೋಡೋಕೆ ಬಂದ ಜಾಗದಲ್ಲಿ ನಾನು ಏನೂ ತಗೊಳಲ್ಲ," ಎಂದರು. ನಮ್ಮ ಕಡೆ ಬಂದವರು ಕಾಫಿ ಬಿಟ್ಟರೆ ಬೈದಷ್ಟೇ ಸಮ. ಅಮ್ಮನ ಮುಖ ಸಣ್ಣಗಾಯಿತು. ನನಗೆ ರೇಗಿತು. "ನೀವು ಕಂಪನಿ ಕಡೆಯವರು ಬುಡಿ. ಕೊಡದೇ ಇರೋಕೆ ತಾನೇ ಬಂದಿರೋದು?" ಎಂದುಬಿಟ್ಟೆ.

"ಕಂಪನಿಯವರು ಕಳಿಸ್ತಾರೆ, ಫೀಸೂ ಅವರೇ ಕೊಡ್ತಾರೆ, ನಿಜ. ಆದ್ರೆ ನಾನು ಅವರ ಕಡೆಯವನೂ ಅಲ್ಲ, ನಿಮ್ಮ ಕಡೆಯವನೂ ಅಲ್ಲ," ಎಂದರು ಅವರು. "ಇನ್ನೊಬ್ಬ ಸರ್ವೇಯರ್ ಹತ್ರ ಕೆಲಸ ಕಲ್ತು, ಪರೀಕ್ಷೆ ಬರೆದು ತಗೊಂಡ ಲೈಸೆನ್ಸ್ ಇದು. ಅವಧಿ ಮುಗಿದಾಗೆಲ್ಲ ಹೊಸದು ಮಾಡಿಸ್ಕೋಬೇಕು. ಕಾಣದೇ ಇರೋದನ್ನ ಕಂಡೆ ಅಂತ ಬರೆದ್ರೆ ಕಿತ್ಕೊಳ್ಳೋದಕ್ಕೆ ಮೇಲೆ ಪ್ರಾಧಿಕಾರ ಇದೆ. ಈಗ ಹೇಳಿ, ಇಲ್ಲಿ ನಾನು ಏನು ಕಂಡೆ ಅಂತ ಬರೀಲಿ?"

ನಾನು ಅಮ್ಮನ ಕಡೆ ತಿರುಗಿ, ಆ ಹೊರಗಿನವರ ಎದುರಿಗೇ, "ಯಾರು ನಿಂಗೆ ತೊಳಿ ಅಂದಿದ್ದು? ಬುದ್ಧಿ ಬೇಡ್ವಾ?" ಎಂದೆ.

ಅಮ್ಮ ನೆಲ ನೋಡುತ್ತಾ ಹೇಳಿದಳು: "ಬೆಂಕಿ ಬಿದ್ದಿದೆ ಅಂದ್ರೆ ಮನೆ ಹೆಂಗಸಿಗೆ ಮೈಮೇಲೆ ಎಚ್ಚರ ಇಲ್ಲ ಅಂತಾರೆ ಕಣೇ. ಅದನ್ನ ಬೇರೆಯವರು ಬಂದು ನೋಡ್ಬೇಕಾ?"

ಅವಳಿಗೆ ಎಟುಕದೆ ಉಳಿದದ್ದು ಮೇಲಿನ ತಗಡು ಮಾತ್ರ. ಅದನ್ನು ಒರೆಸುವ ಕೆಲಸ ನನ್ನದಾಗಿತ್ತು. ಒರೆಸಿದೆ ಎಂದು ಸುಳ್ಳು ಹೇಳಿ ಟಿವಿ ಮುಂದೆ ಕೂತಿದ್ದೆ. ಶಿವನಂಜಪ್ಪನವರು ತಲೆ ಎತ್ತಿದರು. "ಅಲ್ಲಿ ನೋಡ್ಬೇಡಿ ಸರ್, ತುಂಬ ಗಲೀಜು," ಎಂದು ಅಮ್ಮ ಅಡ್ಡ ಬಂದಳು. ಆ ಗಲೀಜೊಂದೇ ನಮ್ಮ ಪಾಲಿಗೆ ಉಳಿದಿದ್ದ ಸಾಕ್ಷಿ. ಅವರು ಸ್ಟೂಲು ಕೇಳಿ ಹತ್ತಿ ಫೋಟೋ ತೆಗೆದರು. ಗುಜರಿ ಅಂಗಡಿ ಎಲ್ಲಿ ಎಂದು ಕೇಳಿ ತಿಳಿದುಕೊಂಡರು.

ಆಮೇಲೆ ಬೆಂಕಿ ಹೇಗೆ ಹತ್ತಿತು ಎಂದು ಕೇಳಿದರು. ನಾನು ಅಮ್ಮನ ಕಿವಿಯಲ್ಲಿ, "ಬಾಗಿಲಲ್ಲಿ ಯಾರೋ ಕೂಗಿದ್ರು ಅನ್ನು, ಮರೆತೆ ಅನ್ಬೇಡ," ಎಂದು ಪಿಸುಗುಟ್ಟಿದೆ. ಅಮ್ಮ ನನ್ನನ್ನೇ ನೋಡಿ, "ಕಾಫಿ ಆರೋಯ್ತು, ಬಿಸಿ ಮಾಡ್ಕೊಂಡು ಬಾ ಹೋಗು," ಎಂದಳು. ಕುಡಿಯದವರಿಗೆ ಬಿಸಿ ಯಾಕೆ ಎಂದು ನನಗೆ ಹೊಳೆಯಲಿಲ್ಲ. ಮರಳಿ ಬಂದಾಗ ಅಮ್ಮ ಸೆರಗಿನಲ್ಲಿ ಕಣ್ಣು ಒರೆಸಿಕೊಳ್ಳುತ್ತಿದ್ದಳು. ಅವರು ಹೇಳುತ್ತಿದ್ದರು: "ಬೇಕೂಂತ ಹಚ್ಚಿದ್ರೆ ಬೇರೆ ಮಾತು. ಎಚ್ಚರ ತಪ್ಪಿ ಆಗಿದ್ದಕ್ಕೂ ಸೇರಿಸಿಯೇ ತಾಯಿ ವಿಮೆ ಇರೋದು. ಇದರಲ್ಲಿ ನಾಚ್ಕೊಳ್ಳೋದು ಏನೂ ಇಲ್ಲ." ನನ್ನನ್ನು ನೋಡಿ ಮಾತು ನಿಲ್ಲಿಸಿ ಫೈಲು ಮುಚ್ಚಿದರು.

ಸ್ವಲ್ಪ ಕಡಿತವಾಗಿ ಕ್ಲೇಮು ಬಂತು. ಶೆಡ್ಡೂ ರಿಪೇರಿಯಾಯಿತು. ಆದರೆ ಅಪ್ಪ, ನಾನು ಕೂತು ತೀರ್ಮಾನ ಮಾಡಿದೆವು: ಮರೆವಿನ ಹೆಂಗಸಿಗೆ ಇನ್ನು ಬೆಂಕಿಯ ಸಹವಾಸ ಬೇಡ. ಅಮ್ಮ "ಆಯ್ತು" ಎಂದಳು, ಅಷ್ಟೇ. ಬಂದ ಆರ್ಡರುಗಳನ್ನು ಅವಳೇ ಫೋನಿನಲ್ಲಿ ಬೇಡವೆಂದಳು. ಅಪ್ಪ ಹೋದ ಮೇಲೆ ನಮ್ಮ ಮನೆಗೆ ಬಂದಳು. ಇಲ್ಲಿಯೂ ಅವಳು ಬಾಣಲೆ ಇಟ್ಟರೆ ನಾನು ಬೆನ್ನ ಹಿಂದೆಯೇ ಕಾವಲು ನಿಲ್ಲುತ್ತೇನೆ. ಈಗ ಅದನ್ನು ಬರೆಯಲು ನಾಚಿಕೆಯಾಗುತ್ತದೆ.

ಯಾಕೆಂದರೆ ಇವತ್ತು ನೆರೆಯವರೆಲ್ಲ ನಕ್ಕು ಹೋದ ಮೇಲೆ ನಾನು ಒಳಗೆ ಹೋದೆ. ಅಮ್ಮ ಗೋಡೆ ಕಡೆ ಮುಖ ಮಾಡಿ ಅವರೆಕಾಯಿ ಸುಲಿಯುತ್ತಿದ್ದಳು. ಬೇಜಾರಾಯಿತೇ ಎಂದರೆ ಇಲ್ಲ ಎಂದಳು. ಪಕ್ಕದಲ್ಲಿ ಕೂತೆ. "ಅವತ್ತು ಆ ಸರ್ವೇಯರ್ ಹತ್ರ ಏನಮ್ಮಾ ಹೇಳ್ದೆ?" ಎಂದು ಕೇಳಿದೆ. ಇಷ್ಟು ವರ್ಷದಲ್ಲಿ ನಾನು ಅದನ್ನು ಕೇಳಿದ್ದು ಇದೇ ಮೊದಲು.

"ಈಗ್ಯಾಕೆ, ಬುಡು."

"ಹೇಳಮ್ಮ."

"ಫೋನ್ ಬಂತು, ಒಳಗೆ ಹೋದೆ ಅಂದೆ. ಮಗಳ ಫೋನು ಅಂದೆ. ಅವಳಿಗೆ ಮಾತ್ರ ಗೊತ್ತಾಗೋದು ಬೇಡ ಸರ್ ಅಂತ ಕೈ ಮುಗ್ದೆ."

ಆಗ ನನಗೆ ಮದುವೆಯಾಗಿ ವರ್ಷವೂ ಆಗಿರಲಿಲ್ಲ. ಗಂಡನ ಮನೆಯಿಂದ ಮಧ್ಯಾಹ್ನದ ಹೊತ್ತು ಅಮ್ಮನಿಗೆ ಫೋನು ಮಾಡಿ ಗೋಳಾಡುವುದು ನನ್ನ ರೂಢಿ. ಅವತ್ತು ಅಮ್ಮ ಮಾತಿನ ಮಧ್ಯೆಯೇ ಫೋನು ಇಟ್ಟುಬಿಟ್ಟಳೆಂದು ಸಿಟ್ಟು ಮಾಡಿಕೊಂಡದ್ದೂ ನೆನಪಾಯಿತು. ಸಂಜೆ ಬೆಂಕಿಯ ಸುದ್ದಿ ಕೇಳಿದಾಗಲೂ ಎರಡನ್ನೂ ಸೇರಿಸಿ ನೋಡಲಿಲ್ಲ. ನೋಡಲು ಇಷ್ಟವಿರಲಿಲ್ಲವೇನೋ.

"ಒಲೆ ಆರಿಸಿ ಬರ್ತೀನಿ ಇರು ಅನ್ನೋಕೆ ಏನಾಗಿತ್ತಮ್ಮ ನಿಂಗೆ?"

"ನೀನು ಅಳ್ತಿದ್ದೆ ಕಣೇ. ಎಂಗೆ ಇರು ಅನ್ಲಿ?"

ಯಾತಕ್ಕೆ ಅಳುತ್ತಿದ್ದೆ? ಎಷ್ಟು ಯೋಚಿಸಿದರೂ ನನಗೆ ನೆನಪಾಗಲಿಲ್ಲ. ಅತ್ತೆ ಏನಾದರೂ ಅಂದಿದ್ದರೇ, ಸೀರೆಯ ವಿಷಯವೇ, ಸಾರಿಗೆ ಉಪ್ಪು ಜಾಸ್ತಿಯಾಗಿತ್ತೇ? ನಾಚಿಕೆ ಬಿಟ್ಟು ಅವಳನ್ನೇ ಕೇಳಿದೆ.

ಅಮ್ಮ ಒಂದು ಗಳಿಗೆ ನನ್ನ ಮುಖ ನೋಡಿದಳು. ಆಮೇಲೆ, "ನಂಗೂ ಮರ್ತೋಯ್ತು ಬುಡು," ಎಂದಳು.