ಅಂಡಮಾನಿನಲ್ಲಿದ್ದ ಸೀರೆ

ನಿವೃತ್ತನಾದ ವರ್ಷ, ಗದ್ದಲವಿಲ್ಲದ ಕಡೆ ಒಂದು ವಾರ ಇದ್ದು ಬರೋಣವೆಂದು ನಾನೂ ನನ್ನ ಹೆಂಡತಿಯೂ ಅಂಡಮಾನಿಗೆ ಹೋಗಲು ತೀರ್ಮಾನಿಸಿದೆವು. ಪಾಂಡವಪುರದ ನಮ್ಮ ಮನೆಯಿಂದಲೇ ಅಲ್ಲಿನ ಸಣ್ಣ ದ್ವೀಪವೊಂದರ ವಸತಿಗೃಹಕ್ಕೆ ಫೋನು ಮಾಡಿದೆ. ನನ್ನ ಹೆಸರು ಕೇಳುತ್ತಲೇ ಅಲ್ಲಿನ ಯಜಮಾನಿ, “ಹೋದ ಸಲದ ಕೋಣೆಯನ್ನೇ ಕೊಡಲಾ? ನಿಮ್ಮ ಹೆಂಡತಿ ಮರೆತುಹೋದ ಸೀರೆ ಇಲ್ಲೇ ಇದೆ” ಎಂದಳು.

ನಾವು ಸಮುದ್ರ ದಾಟಿದವರೇ ಅಲ್ಲ. ಬೇರೆ ಯಾರದೋ ಇರಬೇಕು ಎಂದೆ. ಅವಳು ಫೋಟೊ ಕಳಿಸಿದಳು. ಮೇಲುಕೋಟೆ ಮಗ್ಗದ ಹಸಿರು ಸೀರೆ. ಹರಿದ ಸೆರಗಿಗೆ ನನ್ನ ಹೆಂಡತಿಯೇ ಕೆಂಪು ದಾರದಲ್ಲಿ ಹಾಕಿದ್ದ ಹೊಲಿಗೆ. ಇವಳು ಬೀರುವನ್ನೆಲ್ಲ ಹುಡುಕಿದಳು. ಸೀರೆ ಇರಲಿಲ್ಲ.

“ಓಗೋದ್ ಬ್ಯಾಡ ಬುಡಿ. ನಮ್ಗಿಂತ ಮುಂಚೆ ಯಾರೋ ಓಗ್ಬಂದವ್ರೆ,” ಎಂದಳು.

ಸೀರೆ ಕಳಿಸಲಾ ಎಂದು ಆ ಯಜಮಾನಿ ಮತ್ತೆ ಕೇಳಿದಾಗ, ಮನೆಯ ವಿಳಾಸ ಹೇಳದೆ ಫೋನು ಇಟ್ಟುಬಿಟ್ಟೆ.